ಮುಕ್ಕಾಲು ಪಾಲು ಡಾಂಬರು, ಉಳಿದದ್ದು ಎಸ್ಟೇಟ್ ದಾರಿ: ಇಂಥ ರೇಸಿಗೆ ಎಂಟಿಬಿಗೆ (ಮೌಂಟೇನ್ ಬೈಕಿಗೆ) ಯಾವ ಟೈರ್ ಹಾಕಲಿ?

ನೀವು ಬರೆದಿದ್ದರಲ್ಲಿ ಮುಖ್ಯವಾದದ್ದು ಇಷ್ಟು: ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ 60 ಕಿ.ಮೀ. ರೇಸ್. 45 ಕಿ.ಮೀ. ಡಾಂಬರು, 15 ಕಿ.ಮೀ. ಕಾಫಿ ತೋಟದ ಜೀಪ್ ದಾರಿ ಮತ್ತು ಕಾಲುದಾರಿ. ಸೈಕಲ್ಲು 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಶಾಕ್ ಇಲ್ಲದ್ದು), ಮುಂದೆ ಪೆಡಲ್ ಹತ್ತಿರ ಒಂದೇ 32 ಹಲ್ಲಿನ ರಿಂಗ್, ಕಂಪನಿಯಿಂದ ಬಂದ 2.25 ಇಂಚಿನ ಟೈರ್. ನಿಮ್ಮ ತೂಕ 68 ಕೆ.ಜಿ. "ಡಾಂಬರೇ ಜಾಸ್ತಿ, 1.5 ಇಂಚಿನ ಸ್ಲಿಕ್ (ಉಬ್ಬುಗಳಿಲ್ಲದ ನುಣುಪು ಟೈರ್) ಹಾಕಿಬಿಡಲಾ?" ಅಂತ ಕೇಳಿದ್ದೀರಿ.

ಬೇಡ. ಎಷ್ಟು ಕಿ.ಮೀ. ಡಾಂಬರು, ಎಷ್ಟು ಮಣ್ಣು ಅಂತ ಲೆಕ್ಕ ಹಾಕಿ ಟೈರ್ ತಗೊಳ್ಳೋದೇ ಸರಿಯಾದ ದಾರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಡಾಂಬರಿನ ಮೇಲೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮ್ಮ ಶಕ್ತಿಯ ದೊಡ್ಡ ಪಾಲು ತಿನ್ನೋದು ಗಾಳಿ. ಅಲ್ಲಿ ಇನ್ನೊಬ್ಬನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಕೂತರೆ ಟೈರಿಂದ ಸಿಗೋದಕ್ಕಿಂತ ಹೆಚ್ಚು ಉಳಿತಾಯ ಆಗುತ್ತೆ. ತೋಟದೊಳಗೆ ಇಳಿದ ಮೇಲೆ ಹಾಗಲ್ಲ. ನಿಮ್ಮ ಹಿಡಿತ ನಿಮ್ಮದೇ, ಬೇರೆಯವರಿಂದ ಸಾಲ ತರೋಕಾಗಲ್ಲ. ಸ್ಲಿಕ್ ಹಾಕಿಕೊಂಡು ರಸ್ತೆಯಲ್ಲಿ ಗಳಿಸಿದ ನಿಮಿಷಗಳನ್ನ ಒಂದೇ ಒಂದು ಕಡಿದಾದ ಇಳಿಜಾರಿನಲ್ಲಿ ಸೈಕಲ್ ತಳ್ಳಿಕೊಂಡು ಇಳಿದು ಕಳೆಯಬಹುದು.

1.5 ಇಂಚಿಗೆ ಇನ್ನೂ ಎರಡು ತೊಂದರೆ ಇದೆ, ಅಂಗಡಿಯವರು ಸಾಮಾನ್ಯವಾಗಿ ಹೇಳಲ್ಲ. ಟೈರ್ ಸಣ್ಣದಾದಾಗ ಸೈಕಲ್ಲೇ ನೆಲಕ್ಕೆ ಸುಮಾರು 19 ಮಿ.ಮೀ. ಹತ್ತಿರ ಬರುತ್ತೆ, ಪೆಡಲ್ಲು ಕಲ್ಲಿಗೆ ಬಡಿಯೋಕೆ ಶುರು ಮಾಡುತ್ತೆ. ಜೊತೆಗೆ ಚಕ್ರದ ಸುತ್ತಳತೆ ಸುಮಾರು 5% ಕಮ್ಮಿ ಆಗುತ್ತೆ. ಹಿಂದಿನ ಚಿಕ್ಕ ಗೇರ್ 11 ಹಲ್ಲಿನದಾದರೆ, ನಿಮಿಷಕ್ಕೆ 90 ಸುತ್ತು ತುಳಿದಾಗ ಈಗ 36 ಕಿ.ಮೀ. ವೇಗ ಬರ್ತಿದ್ದದ್ದು 34ರ ಹತ್ತಿರಕ್ಕೆ ಇಳಿಯುತ್ತೆ. ರಸ್ತೆಗೋಸ್ಕರ ಹಾಕಿದ ಟೈರು ರಸ್ತೆಯಲ್ಲೇ ಗೇರ್ ಸಾಲದಂತೆ ಮಾಡಿದರೆ ಏನು ಬಂತು?

ನಡುವೆ ನುಣುಪು, ಅಂಚಲ್ಲಿ ಬಟನ್ (ನೆಲ ಕಚ್ಚೋ ರಬ್ಬರಿನ ಉಬ್ಬು) ಇರೋ ಸೆಮಿ-ಸ್ಲಿಕ್ (ಶ್ವಾಲ್ಬೆ ಹರಿಕೇನ್, ಕಾಂಟಿನೆಂಟಲ್ ಡಬಲ್ ಫೈಟರ್ ಥರದ್ದು) ಕೇಳೋಕೆ ಎರಡಕ್ಕೂ ಸರಿ ಅನ್ನಿಸುತ್ತೆ. ಗಟ್ಟಿ ಮಣ್ಣಿನ ಅಗಲವಾದ ದಾರಿಗೆ ಸರಿಯೇ. ಆದರೆ ಡಿಸೆಂಬರ್‌ನ ತೋಟದ ದಾರಿ ಹೇಗಿರುತ್ತೆ ನೋಡಿ. ಕೊಯ್ಲು ಶುರುವಾಗಿ ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಗಾಲಿಯ ಜಾಡಲ್ಲಿ ಮಣ್ಣು ಪುಡಿಯಾಗಿರುತ್ತೆ. ಗಟ್ಟಿ ಕೆಂಪು ನೆಲದ ಮೇಲೆ ಸಣ್ಣ ಹರಳುಕಲ್ಲು, ಕಣದಲ್ಲಿ ರಾಗಿ ಚೆಲ್ಲಿದ ಹಾಗೆ. ಅದರ ಮೇಲೆ ಸಿಲ್ವರ್ ಓಕಿನ ಒಣ ಎಲೆ. ಬೆಳಿಗ್ಗೆ ಹತ್ತು ಗಂಟೆವರೆಗೂ ನೆರಳಿರೋ ಕಡೆ ಎಲೆಯ ಅಡಿ ಇಬ್ಬನಿ ಆರಿರಲ್ಲ. ಇಂಥ ಕಡೆ ನೇರವಾಗಿ ಬ್ರೇಕ್ ಹಿಡಿದಾಗ ನೆಲ ಕಚ್ಚಬೇಕಾದ್ದು ನಡುವಿನ ಬಟನ್ನು. ಅದೇ ಇಲ್ಲದಿದ್ದರೆ ಚಕ್ರ ಜಾರುತ್ತೆ. ತಿರುವಲ್ಲಿ ಸೈಕಲ್ ವಾಲಿಸಿದಾಗಲೂ ನುಣುಪಾದ ಭಾಗ ದಾಟಿ ಅಂಚಿನ ಬಟನ್ ಸಿಗೋವರೆಗೆ ಒಂದು ಕ್ಷಣ ಏನೂ ಇರಲ್ಲ. ಮುಂದಿನ ಚಕ್ರದಲ್ಲಿ ಆ ಕ್ಷಣ ನನಗಂತೂ ಬೇಡ.

ಹಾಗಾದರೆ ಏನು ಮಾಡೋದು? ಎರಡೂ ಚಕ್ರಕ್ಕೆ ಒಂದೇ ಟೈರ್ ಇರಬೇಕು ಅನ್ನೋ ಹಟ ಬಿಡಿ. ಕೂತು ತುಳಿಯುವಾಗ ನಿಮ್ಮ ಭಾರದ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲೆ, ಹಾಗಾಗಿ ರಸ್ತೆಯ ಎಳೆತವೂ ಅಲ್ಲೇ ಜಾಸ್ತಿ. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳಬಹುದು, ಮುಂದಿನದ್ದು ಜಾರಿದರೆ ಮಂಡಿ ಮಣ್ಣಲ್ಲಿ. ಅದಕ್ಕೆ ಹಿಂದೆ ಬೇಗ ಉರುಳುವ ಕ್ರಾಸ್-ಕಂಟ್ರಿ ರೇಸ್ ಟೈರ್: ಕಾಂಟಿನೆಂಟಲ್ ರೇಸ್ ಕಿಂಗ್, ಮ್ಯಾಕ್ಸಿಸ್ ಆಸ್ಪೆನ್ ಅಥವಾ ಐಕಾನ್, ವಿಟ್ಟೋರಿಯಾ ಮೆಜ್ಕಲ್, ಶ್ವಾಲ್ಬೆ ಥಂಡರ್ ಬರ್ಟ್ ಇವುಗಳಲ್ಲಿ ಯಾವುದು ಸಿಕ್ಕರೂ ಆದೀತು. ಇವುಗಳ ಬಟನ್ ಗಿಡ್ಡ, ಒತ್ತೊತ್ತಾಗಿರುತ್ತೆ. ಮುಂದೆ ಸ್ವಲ್ಪ ಎತ್ತರದ, ಬಿಡಿಬಿಡಿ ಬಟನ್‌ನದ್ದು: ಮೆಜ್ಕಲ್ ಜೊತೆ ಬಾರ್ಝೋ, ರೇಸ್ ಕಿಂಗ್ ಜೊತೆ ಕ್ರಾಸ್ ಕಿಂಗ್. ಶ್ವಾಲ್ಬೆಯವರಂತೂ ಮುಂದಿಗೆ ರೇಸಿಂಗ್ ರೇ, ಹಿಂದಿಗೆ ರೇಸಿಂಗ್ ರಾಲ್ಫ್ ಅಂತ ಜೋಡಿಯಾಗಿಯೇ ಮಾರ್ತಾರೆ. ಅಗಲ 2.2 ಅಥವಾ 2.25 ಸಾಕು.

ಬಟನ್ನಿನ ವಿನ್ಯಾಸ ನೋಡೋ ಮೊದಲು ಟೈರಿನ ಬಟ್ಟೆ, ಅಂದರೆ ರಬ್ಬರಿನೊಳಗಿನ ನೂಲಿನ ಪದರ, ನೋಡಿ. ಟೈರ್ ಉರುಳುವಾಗ ರಬ್ಬರು, ನೂಲು ಪ್ರತಿ ಸುತ್ತಿಗೂ ಬಗ್ಗಿ ನೆಟ್ಟಗಾಗುತ್ತೆ, ಆಗ ಶಾಖವಾಗಿ ಹೋಗೋದೇ ನಿಮ್ಮ ಶಕ್ತಿ. ತೆಳು ನೂಲಿನ ಮೆತ್ತಗಿನ ಬಟ್ಟೆ ಕಮ್ಮಿ ಕಳೆಯುತ್ತೆ. ಸೈಕಲ್ ಜೊತೆ ಬರೋ ತಂತಿ ಅಂಚಿನ ಟೈರಿಗೂ ಮಡಚೋಕೆ ಬರೋ ಒಳ್ಳೆ ರೇಸ್ ಟೈರಿಗೂ ಹೊರಗಿಂದ ಒಂದೇ ವಿನ್ಯಾಸ, ಒಂದೇ ಹೆಸರೂ ಇರಬಹುದು. ಓಡಿಸಿದರೆ ಅಜಗಜಾಂತರ. ಅಮೆರಿಕದ ಕನ್ಸಾಸ್‌ನಲ್ಲಿ ನಡೆಯೋ ಅನ್‌ಬೌಂಡ್, 200 ಮೈಲಿಯ ಜಲ್ಲಿರಸ್ತೆ ರೇಸು. ಅಲ್ಲಿ ಈಚೆಗೆ ಮುಂಚೂಣಿಯ ಎಷ್ಟೋ ಸವಾರರು ತೆಳು ಗ್ರಾವೆಲ್ ಟೈರ್ ಬಿಟ್ಟು 2.1, 2.2 ಇಂಚಿನ ಎಂಟಿಬಿ ಟೈರಿಗೆ ಬಂದಿದ್ದಾರೆ. ಅಗಲ ಅಂದ ತಕ್ಷಣ ನಿಧಾನ ಅಂದುಕೊಳ್ಳಬೇಡಿ.

ಇನ್ನು ಟೈರಿಗೆ ತುಂಬೋ ಗಾಳಿ. ಇದು ಟೈರಿಗಿಂತ ದೊಡ್ಡ ವಿಷಯ, ಖರ್ಚೂ ಇಲ್ಲ. ರಸ್ತೆ ಜಾಸ್ತಿ ಅಂತ 45-50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿಕೊಂಡು ಬರೋರನ್ನ ಪ್ರತಿ ರೇಸಲ್ಲೂ ನೋಡ್ತೀನಿ. ಅವರು ತೋಟದಲ್ಲಿ ಕಲ್ಲಿಂದ ಕಲ್ಲಿಗೆ ಪುಟಿಯುತ್ತಾ ಹೋಗ್ತಾರೆ. ನುಣ್ಣಗಿನ ಹೆದ್ದಾರಿ ಬಿಟ್ಟರೆ ನಮ್ಮ ಹಳ್ಳಿ ಡಾಂಬರಿನ ಮೇಲೂ ಅಷ್ಟು ಗಾಳಿ ಉಪಯೋಗಕ್ಕೆ ಬರಲ್ಲ, ಮೈ ಅದುರೋದರಲ್ಲೇ ಶಕ್ತಿ ಹೋಗುತ್ತೆ. ನಿಮ್ಮ ತೂಕಕ್ಕೆ ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 25ರಿಂದ ಶುರು ಮಾಡಿ. ಟ್ಯೂಬ್ ಇದ್ದರೆ 28 ಮತ್ತು 32. ಟ್ಯೂಬಿಗೆ ಇನ್ನೂ ಕಮ್ಮಿ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತೆ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರೋ ಕನಿಷ್ಠ, ಗರಿಷ್ಠ ಮಿತಿ ಮೀರಬೇಡಿ. 160 ಪಿಎಸ್‌ಐವರೆಗೆ ಗೀಟು ಹಾಕಿರೋ ದೊಡ್ಡ ಪಂಪಿನ ಮುಳ್ಳನ್ನ 20ರ ಆಸುಪಾಸಲ್ಲಿ ನಂಬೋಕಾಗಲ್ಲ, ಕಮ್ಮಿ ಗಾಳಿ ಅಳೆಯೋ ಸಣ್ಣ ಗೇಜ್ ತಗೊಳ್ಳಿ. ಅಳೆಯೋದು ರೇಸ್ ದಿನ ಬೆಳಿಗ್ಗೆ, ಚಳಿಯಲ್ಲೇ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಿಂದ ತೆಗೆದ ತಕ್ಷಣ ಅಳೆದರೆ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುತ್ತೆ.

ಟ್ಯೂಬ್‌ಲೆಸ್ ಮಾಡಿಸಿ ಅಂತಲೇ ನನ್ನ ಸಲಹೆ, ರಿಮ್ಮು ಅದಕ್ಕೆ ತಯಾರಾಗಿದ್ದರೆ. ನೀವು ಚಿತ್ರದುರ್ಗದ ಕಡೆ ಅಭ್ಯಾಸ ಮಾಡೋರು, ನೆಗ್ಗಿಲು ಮುಳ್ಳಿನ ಕಥೆ ನಾನು ಹೇಳಬೇಕಾಗಿಲ್ಲ. ಆ ಗಾತ್ರದ ತೂತನ್ನ ಟೈರೊಳಗೆ ಹಾಕೋ ಸೀಲೆಂಟ್ ದ್ರವ ತಾನೇ ಮುಚ್ಚುತ್ತೆ, ಎಷ್ಟೋ ಸಲ ನಮಗೆ ಗೊತ್ತೂ ಆಗಲ್ಲ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಒಳಗೆ ರಬ್ಬರಿನ ಸಿಪ್ಪೆ ಆಗಿರುತ್ತೆ, ರೇಸಿಗೆ ಒಂದು ವಾರ ಮುಂಚೆ ಹೊಸದು ಹಾಕಿ. ಸೀಳಿಗೆ ಪ್ಲಗ್ಗು, ಕೊನೆಗೆ ಒಂದು ಟ್ಯೂಬು ಜೇಬಲ್ಲಿರಲಿ.

ಮಳೆ ಬಂದರೆ? ಅಕಾಲಿಕ ಮಳೆ ಬಿದ್ದರೂ ಸಕಲೇಶಪುರದ ಕೆಂಪು ಮಣ್ಣಲ್ಲಿ ಈ ಜೋಡಿ ಹೇಗೋ ನಡೆಯುತ್ತೆ. ನಿಮ್ಮೂರ ಕಡೆಯ ಎರೆ ಮಣ್ಣಲ್ಲಿ ನಡೆಯಲ್ಲ. ಒತ್ತು ಬಟನ್ನಿನ ಟೈರು ಎರಡೇ ನಿಮಿಷದಲ್ಲಿ ಮಣ್ಣಿನ ಉಂಡೆಯಾಗಿ ಫ್ರೇಮಿಗೆ ಕಚ್ಚಿಕೊಳ್ಳುತ್ತೆ. ಅಂಥ ದಿನ ಅಭ್ಯಾಸ ಡಾಂಬರಿನ ಮೇಲೆ ಮಾಡಿ.

ಕೊನೆಯಲ್ಲಿ ಕೇಳಿದ್ದಿರಿ, ಸದ್ಯಕ್ಕೆ ಒಂದೇ ಟೈರಿಗೆ ದುಡ್ಡಿದ್ದರೆ ಯಾವುದು ಅಂತ. ಹಿಂದಿನದ್ದು. ಮುಂದೆ ಕಂಪನಿಯದ್ದೇ ಇರಲಿ. ಅದರ ಅಂಚಿನ ಬಟನ್ ಸವೆದು ದುಂಡಗಾಗಿದ್ದರೆ, ಈಗ ಹಿಂದೆ ಇರೋದರ ಅಂಚು ಇನ್ನೂ ಚೂಪಾಗಿದೆಯಾ ನೋಡಿ, ಇದ್ದರೆ ಅದನ್ನ ಮುಂದಕ್ಕೆ ಹಾಕಿ. ಮಗ್ಗುಲ ಮೇಲಿನ ಬಾಣದ ಗುರುತು ಉರುಳುವ ದಿಕ್ಕಿಗೇ ಇರಲಿ.