ಭಗತ್ ಸಿಂಗ್ ಅಂದ್ರೆ ಬರೀ ಪಿಸ್ತೂಲೇ?

ಪ್ರಶ್ನೆ: ಮಗ ಡಿಗ್ರಿ ಓದುತ್ತಿದ್ದಾನೆ. ಬೈಕಿಗೆ ಪಿಸ್ತೂಲು ಹಿಡಿದ ಭಗತ್ ಸಿಂಗ್ ಸ್ಟಿಕ್ಕರ್ ಅಂಟಿಸಿದ್ದಾನೆ. ‘ಶಾಂತಿಯಿಂದ ಕೂತರೆ ಯಾರೂ ಕೇಳಲ್ಲ, ಭಗತ್ ಸಿಂಗ್ ತರ ಹೊಡೀಬೇಕು’ ಅಂತಾನೆ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅವನ ಅಭಿಮಾನ ಬಿಡಿಸಲು ಹೋಗಬೇಡಿ. ಅವನಿಗೆ ಗೊತ್ತಿರುವುದು ಅರ್ಧ ಕಥೆ, ಉಳಿದರ್ಧ ಹೇಳಿ.

ಪಿಸ್ತೂಲು ಹಿಡಿದಿದ್ದು ನಿಜ. ಸೈಮನ್ ಆಯೋಗದ ವಿರುದ್ಧದ ಮೆರವಣಿಗೆಯಲ್ಲಿ ಲಾಠಿ ಏಟು ತಿಂದ ಲಾಲಾ ಲಜಪತ ರಾಯ್ 1928ರ ನವೆಂಬರ್ 17ರಂದು ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ ಭಗತ್ ಸಿಂಗ್ ಮತ್ತು ಜತೆಗಾರರು ಲಾಹೋರಿನಲ್ಲಿ ಸೇಡು ತೀರಿಸಿಕೊಂಡರು. ಗುರಿ ಇಟ್ಟಿದ್ದು ಸ್ಕಾಟ್ ಎಂಬ ಪೊಲೀಸ್ ಅಧಿಕಾರಿಗೆ, ಸತ್ತಿದ್ದು ಸಾಂಡರ್ಸ್ ಎಂಬ ಇನ್ನೊಬ್ಬ ಅಧಿಕಾರಿ. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೇಬಲ್ ಚನನ್ ಸಿಂಗ್ ಕೂಡ ಜತೆಗಾರ ಚಂದ್ರಶೇಖರ ಆಜಾದರ ಗುಂಡಿಗೆ ಬಲಿಯಾದರು. ಅವರೂ ನಮ್ಮ ದೇಶದವರೇ. ನಮ್ಮ ಭಾಷಣಗಳಲ್ಲಿ ಆ ಹೆಸರು ಬರುವುದೇ ಇಲ್ಲ. ನನಗೆ ತುಂಬ ನೋವಾಗುವ ವಿಷಯ ಇದು.

ಮುಂದಿನ ಏಪ್ರಿಲ್ 8ರಂದು ದೆಹಲಿಯ ಅಸೆಂಬ್ಲಿಯಲ್ಲಿ ಎಸೆದ ಬಾಂಬು ಬೇರೆ ತರದ್ದು. ಕಾರ್ಮಿಕರ ಮುಷ್ಕರಕ್ಕೆ ಕಡಿವಾಣ ಹಾಕುವ ಮಸೂದೆಯ ವಿರುದ್ಧ ಅದು. ಖಾಲಿ ಬೆಂಚುಗಳ ಕಡೆ ಎಸೆದರು. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಓಡಿಹೋಗಬಹುದಿತ್ತು. ಭಗತ್ ಸಿಂಗ್, ಬಟುಕೇಶ್ವರ ದತ್ ಇಬ್ಬರೂ ಕರಪತ್ರ ಎಸೆದು, ಘೋಷಣೆ ಕೂಗುತ್ತಾ ಅಲ್ಲೇ ನಿಂತರು. ಕೋರ್ಟಿನಲ್ಲಿ ತಮ್ಮ ಮಾತು ದೇಶಕ್ಕೆ ಕೇಳಿಸಲಿ ಅನ್ನುವುದೇ ಉದ್ದೇಶ.

ಜೈಲಿನಲ್ಲಿ ಅವರು ಮಾಡಿದ್ದು ಉಪವಾಸ. ಕೈದಿಗಳಿಗೆ ಸರಿಯಾದ ಊಟ, ಓದಲು ಪುಸ್ತಕ ಬೇಕು ಅಂತ. ಜತೆಗಿದ್ದ ಜತಿನ್ ದಾಸ್ 63 ದಿನ ಉಪವಾಸ ಮಾಡಿ ಪ್ರಾಣ ಬಿಟ್ಟರು. ಊರೂರಿನಲ್ಲಿ ಜನ ಈ ಹುಡುಗರನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರಲ್ಲಿ ಉಪವಾಸದ ಪಾಲು ದೊಡ್ಡದು.

ನಿಮ್ಮ ಮಗ ಓದಲೇಬೇಕಾದದ್ದು 1931ರ ಫೆಬ್ರವರಿ 2ರಂದು ಭಗತ್ ಸಿಂಗ್ ಯುವ ಕಾರ್ಯಕರ್ತರಿಗೆ ಬರೆದದ್ದು. ಗಲ್ಲಿಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ನಾನು ಭಯೋತ್ಪಾದಕನಲ್ಲ, ಶುರುವಿನಲ್ಲಿ ಇದ್ದಿರಬಹುದೇನೋ ಅನ್ನುತ್ತಾರೆ. ಬರೀ ಬಾಂಬಿನಿಂದ ಏನೂ ಸಿಗಲ್ಲ, ರೈತರು, ಕಾರ್ಮಿಕರ ನಡುವೆ ವರ್ಷಗಟ್ಟಲೆ ಸದ್ದಿಲ್ಲದೆ ದುಡಿಯಿರಿ ಅಂತಾರೆ. ಹಾಗಂತ ಗಾಂಧೀಜಿ ದಾರಿಗೆ ಬಂದರು ಅಂತ ಹೇಳಬೇಡಿ, ಅದು ಸುಳ್ಳಾಗುತ್ತದೆ. ನಾವು ಯುದ್ಧಕೈದಿಗಳು, ನೇಣಿನ ಬದಲು ಗುಂಡಿಟ್ಟು ಕೊಲ್ಲಿ ಅಂತ ಕೊನೆಯಲ್ಲೂ ಸರ್ಕಾರಕ್ಕೆ ಬರೆದವರು ಅವರು.

ಇನ್ನು ‘ಶಾಂತಿಯಿಂದ ಕೂತರೆ ಯಾರೂ ಕೇಳಲ್ಲ’ ಅನ್ನುವ ಮಾತು. ಸುಮ್ನೆ ಕೂತರೆ ಕೇಳಲ್ಲ, ನಿಜ. ಆದರೆ ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಜನ ಸುಮ್ನೆ ಕೂರಲಿಲ್ಲ. ನಿಷೇಧ ಮುರಿದು ಕಾಂಗ್ರೆಸ್ ಧ್ವಜ ಹಾರಿಸಿ ಜೈಲಿಗೆ ಹೋದರು. ಅದೇ ತಿಂಗಳು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದಾಗಲೂ ಚಳವಳಿ ನಿಲ್ಲಲಿಲ್ಲ. ಮುಂದಿನ ತಿಂಗಳೇ ಮೈಸೂರು ಸರ್ಕಾರ ಸಂಸ್ಥಾನದ ಧ್ವಜದ ಜತೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿತು. ಶಿವಪುರದ ಸತ್ಯಾಗ್ರಹ ಸೌಧ ಅವನು ನೋಡಿಲ್ಲದಿದ್ದರೆ ಒಂದು ಭಾನುವಾರ ಇಬ್ಬರೂ ಹೋಗಿ ಬನ್ನಿ.