ಉಪಕುಲಪತಿಯಾಗಿ ಕುವೆಂಪು ಮಾಡಿದ್ದೇನು?

ಕುವೆಂಪು ದೊಡ್ಡ ಕವಿ ಅನ್ನೋದು ಗೊತ್ತು, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ ಹುದ್ದೆ ಸುಮ್ನೆ ಗೌರವಕ್ಕೆ ಕೊಟ್ಟಿದ್ದಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಆ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವನು. ಆ ಜಾಗವೇ ಅವರು ಮಾಡಿದ ಕೆಲಸ.

ಅವರು ಹೊರಗಿನಿಂದ ಬಂದವರಲ್ಲ. ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದು, 1929ರಲ್ಲಿ ಕನ್ನಡ ಎಂ.ಎ. ಮುಗಿಸಿ, ಮಹಾರಾಜ ಕಾಲೇಜಿನಲ್ಲೇ ಮೇಷ್ಟ್ರಾದರು. ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡಿ ಬಂದರು. 1955ರಲ್ಲಿ ಪ್ರಿನ್ಸಿಪಾಲ್, 1956ರಲ್ಲಿ ಉಪಕುಲಪತಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಅಲ್ಲೇ ಓದಿದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಆಗಿನ್ನೂ ಬೆಂಗಳೂರು ವಿಶ್ವವಿದ್ಯಾನಿಲಯ ಇರಲಿಲ್ಲ, ಅದು ಬಂದದ್ದು 1964ರಲ್ಲಿ. ಬೆಂಗಳೂರಿನ ಕಾಲೇಜುಗಳೂ ಮೈಸೂರಿನ ಕೆಳಗೇ ಇದ್ದವು. ಸ್ನಾತಕೋತ್ತರ ಓದಿಗೆ ಮೈಸೂರಿನಲ್ಲೇ ಒಂದು ಸ್ವಂತ ನೆಲೆ ಬೇಕು ಅಂತ ಕುವೆಂಪು ಹಟ ಹಿಡಿದರು. ಜಾಗ ಸಿಕ್ಕಿದ್ದು ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ, 739 ಎಕರೆ. ಹೆಸರಿಟ್ಟವರೂ ಅವರೇ: ಮಾನಸಗಂಗೋತ್ರಿ. 1960ರಲ್ಲಿ ಅದು ಶುರುವಾಯಿತು, ಅದೇ ವರ್ಷ ಅವರ ಅವಧಿ ಮುಗಿಯಿತು. ಆ ಕೆರೆ ಏರಿ ಅವರು ಎಷ್ಟೋ ವರ್ಷ ವಾಕಿಂಗ್ ಹೋದ ದಾರಿ, ಕವಿತೆಯಲ್ಲೂ ಬಂದಿದೆ. ನಾವು ಕ್ಲಾಸ್ ಮುಗಿಸಿ ಅದೇ ಏರಿ ಮೇಲೆ ಸರಸ್ವತಿಪುರದ ಕಡೆ ನಡೆಯುತ್ತಿದ್ದೆವು. ಬೇಸಿಗೆಯಲ್ಲೂ ಅಲ್ಲಿ ತಣ್ಣನೆ ಗಾಳಿ, ಹಕ್ಕಿಗಳ ಗದ್ದಲ. ಓದುವ ಜಾಗ ಹೀಗಿರಬೇಕು ಅಂತ ಗೊತ್ತಿದ್ದವರೇ ಅದನ್ನು ಆರಿಸಿದ್ದಾರೆ, ಅಲ್ವಾ?

ಇನ್ನೊಂದು ಕೆಲಸ ಕನ್ನಡ ಮಾಧ್ಯಮ. ಕಾಲೇಜಿನಲ್ಲೂ ಕನ್ನಡದಲ್ಲಿ ಓದಬಹುದು, ವಿಜ್ಞಾನವನ್ನೂ ಓದಬಹುದು ಅಂತ ಅವರು ಗಟ್ಟಿಯಾಗಿ ನಿಂತರು. ಪಠ್ಯ ಎಲ್ಲಿದೆ ಅಂತ ಕೇಳಿದವರಿಗೆ ಪುಸ್ತಕ ಬರೆಸುವುದೇ ಉತ್ತರ ಅನ್ನೋದು ಅವರ ನಿಲುವು. ಜನಸಾಮಾನ್ಯರಿಗೆ ಕಡಿಮೆ ಬೆಲೆಯ ಪುಸ್ತಕ ಕೊಡುವ ಕೆಲಸವನ್ನು ವಿಶ್ವವಿದ್ಯಾನಿಲಯದಲ್ಲಿ ಜಿ. ಹನುಮಂತರಾಯರು ಮೊದಲೇ ಶುರುಮಾಡಿದ್ದರು, ಕುವೆಂಪು ಅದಕ್ಕೆ ಬೆನ್ನೆಲುಬಾದರು. ನನಗೆ ಕ್ಯಾಂಪಸ್‌ಗಿಂತ ಇದೇ ಜಾಸ್ತಿ ದೊಡ್ಡದು ಅನಿಸುತ್ತದೆ. ಹಳ್ಳಿಯಿಂದ ಬಂದ ಮಕ್ಕಳು ಇಂಗ್ಲಿಷಿನಿಂದಲೇ ಫೇಲಾಗುವುದನ್ನು ಮೇಷ್ಟ್ರಾಗಿ ಕಂಡವರು ಅವರು. ಎಂ.ಎಸ್ಸಿ. ಪಾಠ ಇವತ್ತಿಗೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅವರು ಶುರುಮಾಡಿದ ಆ ಕೆಲಸ ಇನ್ನೂ ಬಾಕಿ ಇದೆ.