ಏಲಕ್ಕಿಗೆ ಯಾಕೆ ಇಷ್ಟೊಂದು ಹೀರೋಗಳು?

ನಮಸ್ಕಾರ ಮೇಷ್ಟ್ರೇ,

ಶಿವಮೊಗ್ಗದಿಂದ ನೀವು ಬರೆದ ಪತ್ರ ತಲುಪಿತು. ‘ಐಪಿಎಲ್ ಬಗ್ಗೆ ಪುಟಗಟ್ಟಲೆ ಬರೀತೀರಿ, ಅದರ ಮಧ್ಯೆ ಬರುವ ಜಾಹೀರಾತಿನ ಬಗ್ಗೆ ಒಂದು ಸಾಲೂ ಇಲ್ಲ. ನಿಮಗೆ ಯಾವುದು ಇಷ್ಟ, ಯಾವುದು ಕಂಡರೆ ಆಗಲ್ಲ, ಹೇಳಿ’ ಎಂದು ಕೇಳಿದ್ದೀರಿ. ಜೊತೆಗೆ ಏಲಕ್ಕಿಯ ಜಾಹೀರಾತಿನಲ್ಲಿ ಸ್ಟಾರ್‌ಗಳನ್ನು ಕಂಡು ಮೂರನೇ ಕ್ಲಾಸಿನ ಮೊಮ್ಮಗ ಕೇಳಿದ ಪ್ರಶ್ನೆಯನ್ನೂ ಕಳಿಸಿದ್ದೀರಿ: ‘ತಾತ, ಏಲಕ್ಕಿಗೆ ಯಾಕೆ ಇಷ್ಟೊಂದು ಹೀರೋಗಳು?’ ಅವನಿಗೆ ಸರಿಯಾದ ಉತ್ತರ ಸಿಗಲೇಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟದ್ದು ಯಾವುದು ಅಂದರೆ ನನಗೆ ಯೋಚನೆಯೇ ಬೇಡ. ಜೂಜೂ. 2009ರಲ್ಲಿ ಲೋಕಸಭೆ ಚುನಾವಣೆ ಇದ್ದ ಕಾರಣ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಕುಂಬ್ಳೆ ನಾಯಕತ್ವದ ಆರ್‌ಸಿಬಿ ಫೈನಲ್ ತಲುಪಿ 6 ರನ್‌ಗಳಿಂದ ಸೋತ ವರ್ಷ ಅದು. ಹಾಗಾಗಿ ನಮ್ಮವರು ಕೊನೇ ದಿನದವರೆಗೂ ಟಿವಿ ಬಿಟ್ಟು ಏಳಲಿಲ್ಲ. ಆಗಲೇ ಮೊಬೈಲ್ ಕಂಪನಿ ವೊಡಾಫೋನ್‌ನ ಜಾಹೀರಾತಿನಲ್ಲಿ ಈ ಬಿಳಿ ಗೊಂಬೆಗಳು ಬಂದವು. ಮೊಟ್ಟೆಯಂಥ ತಲೆ, ಸಣ್ಣ ಕೈಕಾಲು, ಉಬ್ಬಿದ ಹೊಟ್ಟೆ. ಎಷ್ಟೋ ಜನ ಅವನ್ನು ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತಲೇ ನಂಬಿದ್ದರು. ಅಲ್ಲ, ಒಳಗೆ ಮನುಷ್ಯರೇ ಇದ್ದರು. ತೆಳ್ಳಗಿನ ಮೈಕಟ್ಟಿನ ಕಲಾವಿದರಿಗೆ ಬಿಳಿ ಬಟ್ಟೆ ತೊಡಿಸಿ, ಅಲ್ಲಲ್ಲಿ ಫೋಮ್ ತುಂಬಿ, ತಲೆಗೆ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಬುರುಡೆ ಕೂರಿಸಿದ್ದರು. ನಗು, ಅಳು, ಗಾಬರಿ ಎಲ್ಲವನ್ನೂ ರಬ್ಬರಿನಲ್ಲಿ ಮಾಡಿ ಮುಖಕ್ಕೆ ಅಂಟಿಸುತ್ತಿದ್ದರು. ಪಾತ್ರಗಳು ಪುಟ್ಟದಾಗಿ ಕಾಣಲಿ ಅಂತ ಸೆಟ್‌ನ ಸಾಮಾನುಗಳನ್ನೆಲ್ಲ ಬೇಕೆಂದೇ ದೊಡ್ಡದಾಗಿ ಮಾಡಿದ್ದರು. ಐಡಿಯಾ ಒಗಿಲ್ವಿ ಜಾಹೀರಾತು ಸಂಸ್ಥೆಯದ್ದು, ಶೂಟಿಂಗ್ ನಡೆದದ್ದು ಕೇಪ್‌ಟೌನ್‌ನಲ್ಲಿ. ಆದರೆ ನಿರ್ದೇಶಿಸಿದ ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್ ನಮ್ಮ ಬೆಂಗಳೂರಿನದ್ದು. ಹುಡುಗನ ಹಿಂದೆ ಹಿಂದೆ ನಡೆಯುವ, ಹಚ್ ಮೊಬೈಲ್ ಜಾಹೀರಾತಿನ ಪಗ್ ನಾಯಿ ನೆನಪಿದೆ ಅಲ್ವಾ? ಅದನ್ನು ತೆಗೆದವರೂ ಅವರೇ.

ನನಗೆ ಅದು ಇಷ್ಟವಾಗಲು ಕಾರಣ ಬರೀ ಮುದ್ದಾಗಿತ್ತು ಅಂತಲ್ಲ. ಐಪಿಎಲ್ ಅಂದರೆ ವಾರಗಟ್ಟಲೆ, ದಿನಾ ಸಂಜೆ. ಓವರ್ ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು, ಟೈಮ್‌ಔಟ್‌ನಲ್ಲಿ ಎರಡೂವರೆ ನಿಮಿಷ ಜಾಹೀರಾತು. ಮೊದಲ ದಿನ ನಗಿಸಿದ್ದು ಹತ್ತನೇ ದಿನಕ್ಕೆ ತಲೆ ಚಿಟ್ಟು ಹಿಡಿಸುತ್ತದೆ. ಜೂಜೂ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು. ಸುಮಾರು 30 ಸಣ್ಣ ಸಣ್ಣ ಕಥೆ ತೆಗೆದಿಟ್ಟುಕೊಂಡು, ಹೆಚ್ಚುಕಡಿಮೆ ದಿನಕ್ಕೊಂದರಂತೆ ಬಿಟ್ಟರು. ಇವತ್ತು ಯಾವುದು ಬರುತ್ತೋ ಅಂತ ಜನ ಕಾಯುವ ಹಾಗಾಯಿತು. ಮಾತೇ ಇಲ್ಲದ್ದರಿಂದ ಶಿರಸಿಯಲ್ಲೂ ಶಿಮ್ಲಾದಲ್ಲೂ ಒಂದೇ ನಗು. ಈಗ ಕನ್ನಡ ಕಾಮೆಂಟರಿ ಬಂದಿದೆ, ಸಂತೋಷ. ಆದರೆ ಅದರ ನಡುವಿನ ಎಷ್ಟೋ ಜಾಹೀರಾತುಗಳಲ್ಲಿ ತುಟಿ ಹಿಂದಿಯಲ್ಲಿ ಆಡುತ್ತಿರುತ್ತದೆ, ದನಿ ಮಾತ್ರ ಕನ್ನಡ. ನೋಡುವವರ ಸಮಯಕ್ಕೆ ಬೆಲೆ ಕೊಡುವುದು ಅಂದರೆ ಏನು ಅಂತ ನನಗೆ ತೋರಿಸಿಕೊಟ್ಟದ್ದು ಆ ಬಿಳಿ ಗೊಂಬೆಗಳು.

ನಿಮ್ಮ ಆಯ್ಕೆ ‘ಇಂದಿರಾನಗರದ ಗೂಂಡಾ’. 2021ರಲ್ಲಿ ಕ್ರೆಡ್ ಕಂಪನಿಗಾಗಿ ಬಂದದ್ದು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ರಾಹುಲ್ ದ್ರಾವಿಡ್ ಕಿರುಚಾಡಿ, ಬ್ಯಾಟ್ ಬೀಸಿ ಪಕ್ಕದ ಕಾರಿನ ಕನ್ನಡಿ ಒಡೆಯುತ್ತಾರೆ. ಅದು ನನಗೂ ಇಷ್ಟವೇ. ದಿನವಿಡೀ ತಾಳ್ಮೆಯಿಂದ ಕ್ರೀಸಿನಲ್ಲಿ ನಿಂತ ಮನುಷ್ಯನನ್ನು ನೋಡಿದವರಿಗೇ ಅದರ ಮಜಾ ಗೊತ್ತು. ಆದರೆ ಅದು ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್‌ನದ್ದು ಅಂತ ಎಷ್ಟು ಜನರಿಗೆ ನೆನಪಿದೆ? ದ್ರಾವಿಡ್ ಉಳಿದರು, ಆ್ಯಪ್ ಮರೆತುಹೋಯಿತು. ಅದಕ್ಕೇ ನನ್ನ ಪಟ್ಟಿಯಲ್ಲಿ ಅದಕ್ಕೆ ಎರಡನೇ ಜಾಗ.

2015ರ ವಿಶ್ವಕಪ್‌ನ ‘ಮೌಕಾ ಮೌಕಾ’ ಜಾಹೀರಾತು ಬರೀ ಅಣಕ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಶ್ವಕಪ್‌ನಲ್ಲಿ ಭಾರತವನ್ನು ಗೆದ್ದ ದಿನ ಸಿಡಿಸಬೇಕು ಅಂತ 1992ರಿಂದ ಪಟಾಕಿ ಇಟ್ಟುಕೊಂಡು ಕಾಯುವ ಪಾಕಿಸ್ತಾನದ ಅಭಿಮಾನಿಯ ಕಥೆ ಅದು. ಮೊದಲ ಜಾಹೀರಾತಿನಲ್ಲಿ ಅವನ ಮೇಲೆ ಮರುಕವಿತ್ತು. ವಯಸ್ಸಾಗುತ್ತಾ ಹೋದರೂ ಅವನು ಆಸೆ ಬಿಡುವುದಿಲ್ಲ. ಕ್ರಿಕೆಟ್ ಹುಚ್ಚಿನ ಯಾರಿಗಾದರೂ ಆ ಆಸೆ ಅರ್ಥವಾಗುತ್ತದೆ. ಆಮೇಲೆ ಅದನ್ನೇ ಎಳೆದು ಎಳೆದು ಪ್ರತಿ ಎದುರಾಳಿಗೂ ಒಂದೊಂದು ಮಾಡಿದರು. ಬರೀ ಅಣಕ ಉಳಿಯಿತು. ಅಲ್ಲಿಂದ ಮುಂದೆ ನನಗೂ ಬೇಡವಾಯಿತು.

ಈಗ ಏಲಕ್ಕಿ. ನನಗೆ ಅತಿ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ನಮ್ಮ ಕೊಡಗು, ಸಕಲೇಶಪುರದಲ್ಲಿ ಏಲಕ್ಕಿ ಬೆಳೆಯುತ್ತಾರೆ. ಹಾವೇರಿಯಲ್ಲಿ ಅದನ್ನು ಪೋಣಿಸಿ ಚಂದದ ಹಾರ ಮಾಡುತ್ತಾರೆ. ಅವರು ಯಾರೂ ಮ್ಯಾಚ್ ನಡುವೆ ಸ್ಟಾರ್‌ಗಳನ್ನು ನಿಲ್ಲಿಸಿ ಜಾಹೀರಾತು ಕೊಟ್ಟದ್ದಿಲ್ಲ. ಕೊಡುತ್ತಿರುವವರು ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಪಾನ್ ಮಸಾಲಾ, ತಂಬಾಕು ಮಾರುವ ಕಂಪನಿಗಳು. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿದೆ. ಹಾಗಾಗಿ ಏಲಕ್ಕಿಯನ್ನು ಮುಂದಿಟ್ಟು ಹೆಸರನ್ನು ನೆನಪಿನಲ್ಲಿ ಉಳಿಸುತ್ತಾರೆ. ಮದ್ಯದ ಕಂಪನಿಗಳು ಸೋಡಾ, ನೀರು, ಗ್ಲಾಸು ಅಂತ ಮಾಡುವುದೂ ಇದನ್ನೇ. ಇಂಥ ಬದಲಿ ಜಾಹೀರಾತು ಕೂಡದು ಎಂದು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಸ್ವಲ್ಪ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ನಟ ಅಕ್ಷಯ್ ಕುಮಾರ್ ಅಭಿಮಾನಿಗಳ ಕ್ಷಮೆ ಕೇಳಿ ಅಂಥ ಒಂದು ಬ್ರಾಂಡ್‌ನಿಂದ ಹಿಂದೆ ಸರಿದಿದ್ದರು. 2025ರ ಮಾರ್ಚ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಐಪಿಎಲ್ ಅಧ್ಯಕ್ಷರಿಗೇ ಪತ್ರ ಬರೆದು, ತಂಬಾಕು, ಮದ್ಯದ ನೇರ ಜಾಹೀರಾತೂ ಬೇಡ, ಬದಲಿ ಜಾಹೀರಾತೂ ಬೇಡ ಎಂದರು. ಪತ್ರ ಬರೆಯಬೇಕಾದ ಪರಿಸ್ಥಿತಿ ಬಂತಲ್ಲ, ಅದೇ ಬೇಸರ. ಮೂರನೇ ಕ್ಲಾಸಿನ ಹುಡುಗನಿಗೆ ಕಂಡ ವಿಷಯ ಇದು.

ದುಡ್ಡು ಕಟ್ಟಿ ತಂಡ ಆರಿಸುವ ಆ್ಯಪ್‌ಗಳ ಜಾಹೀರಾತಿನ ಬಗ್ಗೆಯೂ ಬೇಜಾರು ತೋಡಿಕೊಂಡಿದ್ದೀರಿ. ಚಟಕ್ಕೆ ಬೀಳಬಹುದು, ಹಣ ಕಳೆದುಕೊಳ್ಳಬಹುದು ಎಂಬ ಎಚ್ಚರಿಕೆಯನ್ನು ಸಾಮಾನ್ಯ ಮಾತಿನ ವೇಗದಲ್ಲೇ ಹೇಳಬೇಕು ಎಂದು ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡ ಜಾಹೀರಾತು ಮಾನದಂಡ ಮಂಡಳಿ (ASCI) 2020ರಲ್ಲೇ ನಿಯಮ ಮಾಡಿತ್ತು. ಆದರೂ ಉಸಿರು ಬಿಡದೆ ಓದಿ ಮುಗಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಅವುಗಳ ಜಾಹೀರಾತೂ ಅದರಡಿ ಬರುತ್ತದೆ.

ಮೊಮ್ಮಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮೇಷ್ಟ್ರೇ. ಅವರು ಮಾರುವುದು ಏಲಕ್ಕಿ ಅಲ್ಲ, ಆ ಹೆಸರು ಎಂದರೆ ಅವನಿಗೆ ಅರ್ಥವಾಗುತ್ತದೆ. ಮುಂದಿನ ಸಲ ಅಂಥ ಜಾಹೀರಾತು ಕಂಡಾಗ ಚಾನೆಲ್, ದಿನಾಂಕ, ಸಮಯ, ಉತ್ಪನ್ನದ ಹೆಸರು ಬರೆದಿಟ್ಟುಕೊಳ್ಳಿ. ಜಾಹೀರಾತು ಮಾನದಂಡ ಮಂಡಳಿಗೆ ಯಾರು ಬೇಕಾದರೂ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿಯ ನಂಬರ್ 1915.

– ಸಂಪಾದಕ